ಗುಳೇದಗುಡ್ಡಕ್ಕೆ, ದೊಡ್ಡವ್ವನ ಹತ್ತಿರ

2025ರ ಏಪ್ರಿಲ್ 19, ಶನಿವಾರ. ಹಿಂದಿನ ದಿನ ಶುಭ ಶುಕ್ರವಾರ, ಮರುದಿನ ಈಸ್ಟರ್. ಬೆಳಿಗ್ಗೆ ಆಟೋದಲ್ಲಿ ವಿಜಯಪುರ ಸ್ಟೇಷನ್ನಿಗೆ ಹೋಗುವಾಗ ದಾರಿಯಲ್ಲಿ ಗೋಳಗುಮ್ಮಟ ಕಂಡಿತು. ಆರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅದರ ಅಂಗಳದಲ್ಲಿ, ಒಂದು ಬೇವಿನ ಮರದ ನೆರಳಿಗೆ, ದೊಡ್ಡವ್ವನನ್ನು ಕೂರಿಸಿದ್ದೆ. ಮೊಣಕಾಲು ನೋವು, ಆಕೆಗೆ ಮೇಲೆ ಹತ್ತಲಾಗುತ್ತಿರಲಿಲ್ಲ. ಗುಮ್ಮಟ ತೋರಿಸಲು ಕರೆತಂದೆ ಎಂದು ಹೇಳಿದ್ದೆನಾದರೂ, ನಿಜವಾಗಿ ಆಕೆಯನ್ನು ಮನೆಯಿಂದ ಹೊರಗೆ ತಂದಿದ್ದೆ, ಅಷ್ಟೇ. ಈಗ ಆಕೆಯನ್ನು ನೋಡಲು ಹೊರಟಿದ್ದೆ.

ಆಗ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

2019ರಲ್ಲಿ ನೌಕರಿಗೆಂದು ವಿಜಯಪುರಕ್ಕೆ ಬಂದು ಬಾಡಿಗೆ ಮನೆ ಹುಡುಕುತ್ತಿದ್ದೆ. ಒಳ್ಳೆಯ ಮನೆ, ಬಾವಿ ಇದೆ, ಮಗಳ ಶಾಲೆ ಹತ್ತಿರ. ಮಾಲೀಕರು ಎಲ್ಲ ಮಾತು ಮುಗಿದ ಮೇಲೆ "ನೀವು ಯಾವ ಮಂದಿ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಬೆದರಿಕೆ ಏನೂ ಇರಲಿಲ್ಲ. ನನ್ನ ಹೆಸರಿನಲ್ಲಿ ಯಾವ ಗುರುತೂ ಇಲ್ಲ. ಬಾಯಿಗೆ ಬಂದ ಒಂದು ಜಾತಿಯ ಹೆಸರು ಹೇಳಿದೆ. ಹೆಂಡತಿ ತಲೆ ತಗ್ಗಿಸಿದಳು. ಸಾಮಾನು ಇಳಿಸಿದ ದಿನ ನಮ್ಮ ಸತ್ಯವೇದ, ಅಂದರೆ ಬೈಬಲ್, ಟ್ರಂಕಿನೊಳಗೆ ಹೋಯಿತು, ಗೋಡೆಗೆ ಹಾಕುವ ಶಿಲುಬೆಯೂ ಅದರ ಜೊತೆಗೇ ಹೋಯಿತು. ಭಾನುವಾರ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಹೋಗುವಾಗ ಸಂತೆಗೆಂದು ಹೇಳಿ ಹೋಗುತ್ತಿದ್ದೆವು.

ಮೂರು ತಿಂಗಳಾದ ಮೇಲೆ ದೊಡ್ಡವ್ವ ಹೇಳದೆ ಕೇಳದೆ ಬಂದಳು. ಬಿಳಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಚೀಲದ ಬಾಯಲ್ಲಿ ಇಣುಕುತ್ತಿದ್ದ ಕಪ್ಪು ರಟ್ಟಿನ ಸತ್ಯವೇದ. ನನ್ನ ಹೆಂಡತಿಗೆಂದು ಎರಡು ಖಣ, ಖಡಕ್ ರೊಟ್ಟಿಯ ಗಂಟು. ಕಟ್ಟೆಯ ಮೇಲೆ ಕುಳಿತಿದ್ದ ಮಾಲೀಕರ ತಾಯಿ ಕೇಳಿದರು: "ಯಾರಪ್ಪಾ ಇವ್ರು?"

"ನಮ್ಮ ಊರವ್ರು. ಗುರ್ತಿನವ್ರು. ದವಾಖಾನಿಗೆ ಬಂದಾರ" ಎಂದೆ.

ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನ್ನನ್ನು ಸಾಕಿದಾಕೆ, ಇಪ್ಪತ್ತಮೂರನೆಯ ಕೀರ್ತನೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದಾಕೆ, ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಇದನ್ನು ಕೇಳಿದಳು. ಸೆರಗನ್ನು ಚೀಲದ ಮೇಲೆ ಎಳೆದು ಸತ್ಯವೇದ ಮುಚ್ಚಿದಳು. "ಹೌದ್ರಿ, ದವಾಖಾನಿಗೆ ಬಂದೀನಿ" ಎಂದಳು. ಸಂಜೆಯ ಬಸ್ಸಿಗೆ ಹೊರಟುಹೋದಳು.

ಯೇಸುವನ್ನು ಹಿಡಿದೊಯ್ದ ರಾತ್ರಿ ಶಿಷ್ಯ ಪೇತ್ರ, ಆತನನ್ನು ನಾನರಿಯೆ ಎಂದು ಮೂರು ಸಲ ಹೇಳಿದ. ಆಗ ಕರ್ತನು ತಿರುಗಿ ಅವನನ್ನು ನೋಡಿದನೆಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಬೈದದ್ದಿಲ್ಲ, ನೋಡಿದ್ದಷ್ಟೇ. ಆ ನೋಟ ಎಂಥದೆಂದು ನನಗೆ ಗೊತ್ತಿದೆ.

ಪ್ಯಾಸೆಂಜರ್ ಗಾಡಿ ಬಸವನ ಬಾಗೇವಾಡಿ ರೋಡ್ ದಾಟುವಾಗ ಬಿಸಿಲು ಆಗಲೇ ಏರಿತ್ತು. ಎರಡೂ ಕಡೆ ಕಪ್ಪು ಎರೆಭೂಮಿ, ಬಿಳಿಜೋಳ ಕೊಯ್ದು ಬಿಟ್ಟ ಹೊಲ, ಅಲ್ಲಲ್ಲಿ ಕಣಿಕೆಯ ಬಣವೆ. ಎದುರು ಕುಳಿತಿದ್ದ ರೈತರು ಶೇಂಗಾ ಕೊಟ್ಟು, ಎಲ್ಲಿಗೆಂದು ಕೇಳಿದರು. "ಗುಳೇದಗುಡ್ಡಕ್ಕರಿ, ದೊಡ್ಡವ್ವನ ಕಡೆ. ನಾಳೆ ಈಸ್ಟರ್ ಹಬ್ಬ. ನಾವು ಕ್ರೈಸ್ತರು." ಅವರು "ಹೌದ್ರಿ?" ಎಂದು ಮತ್ತೊಂದು ಹಿಡಿ ಶೇಂಗಾ ಕೊಟ್ಟರು. ಅಷ್ಟೇ. ನನ್ನ ಎದೆ ಮಾತ್ರ ಡವಡವ ಅನ್ನುತ್ತಿತ್ತು. ಆದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋಗುವವರ ಮುಂದೆ ಹೇಳುವುದು ಏನೂ ದೊಡ್ಡದಲ್ಲ. ನಾಳೆಯೂ ಮುಖ ನೋಡಬೇಕಾದವರ ಮುಂದೆ ಹೇಳಬೇಕು.

ಈ ಆರು ವರ್ಷಗಳಲ್ಲಿ ನನ್ನಂಥವರ ಬಗ್ಗೆ ಬಹಳ ಓದಿದ್ದೇನೆ. ಓದಿದಷ್ಟೂ, ನಾನೊಬ್ಬನೇ ಹೀಗೆ ಎಂಬ ಒಂಟಿತನ ಕಡಿಮೆಯಾಯಿತು. ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ದೇಸಿಯಸ್ ತನ್ನ ಸಾಮ್ರಾಜ್ಯದವರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಆ ಚೀಟಿಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಪಪೈರಸ್ ಹಾಳೆಯ ಮೇಲೆ ಹೆಸರು, ಊರು, "ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತಾ ಬಂದಿದ್ದೇನೆ" ಎಂಬ ಅರ್ಥದ ಮಾತು, ಕೆಳಗೆ ಸಾಕ್ಷಿಯ ರುಜು. ಕ್ರೈಸ್ತರಲ್ಲಿ ಕೆಲವರು ಸೆರೆಮನೆಗೆ ಹೋದರು, ಕೆಲವರು ಸತ್ತರು. ಬಹಳ ಮಂದಿ ಬಿದ್ದರು, ಅಂದರೆ ಆಜ್ಞೆಗೆ ಮಣಿದರು. ಬಲಿ ಕೊಟ್ಟವರು ಒಂದು ಬಗೆ, ಧೂಪ ಮಾತ್ರ ಹಾಕಿದವರು ಇನ್ನೊಂದು ಬಗೆ. ಮೂರನೆಯವರು ಬಲಿಯನ್ನೂ ಕೊಡದೆ, ಧೂಪವನ್ನೂ ಹಾಕದೆ, ಲಂಚ ಕೊಟ್ಟು ಚೀಟಿಯೊಂದನ್ನು ಪಡೆದು ಮನೆಗೆ ಬಂದವರು. "ನಾವು ಕೈಯಿಂದ ಏನೂ ಮಾಡಿಲ್ಲ" ಎಂದು ಅವರು ಹೇಳಿಕೊಳ್ಳುತ್ತಿದ್ದರು. ನಾನು ಈ ಮೂರನೆಯವರ ಪೈಕಿ. ಬಾಡಿಗೆ ಮನೆಗಾಗಿ ಬಾಯಿಮಾತಿನ ಚೀಟಿ ಪಡೆದವನು. ಅವರ ಎದುರಿಗೆ ಸಾವಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು, ನನ್ನ ಎದುರಿಗೆ ಇದ್ದದ್ದು ಬಾವಿ ಇರುವ ಮನೆ.

ಹಿಂಸೆ ತಣ್ಣಗಾದ ಮೇಲೆ ಬಿದ್ದವರು ದೇವಾಲಯದ ಬಾಗಿಲಿಗೆ ಬಂದು ನಿಂತರು. ರೋಮಿನಲ್ಲಿ ನೊವೇಷಿಯನ್ ಎಂಬ ಪಂಡಿತ, ಅವರನ್ನು ಕ್ರೈಸ್ತ ಸಭೆಗೆ ಮತ್ತೆ ಸೇರಿಸಿಕೊಳ್ಳುವ ಅಧಿಕಾರ ನಮಗಿಲ್ಲ ಎಂದ. ಸೆರೆಮನೆ ಕಂಡು ಬಂದ ಕೆಲವರು ಕೇಳಿದವರಿಗೆಲ್ಲ ಕ್ಷಮೆಯ ಪತ್ರ ಬರೆದುಕೊಟ್ಟರು. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಈ ಎರಡರ ನಡುವೆ ಸಿಕ್ಕಿಕೊಂಡ. ಹಿಂಸೆಯ ದಿನಗಳಲ್ಲಿ ಆತನೇ ಊರು ಬಿಟ್ಟು ಅಡಗಿದ್ದ. ಜನ ಅದನ್ನು ಆಡಿಕೊಂಡಿದ್ದರು. 251ರಲ್ಲಿ ಬಿಷಪ್ಪರ ಸಭೆ ಕರೆದು, ಒಬ್ಬೊಬ್ಬರ ಕಥೆಯನ್ನೂ ಬೇರೆಬೇರೆಯಾಗಿ ಕೇಳಬೇಕು, ಚೀಟಿಯವರನ್ನು ಪಶ್ಚಾತ್ತಾಪ ನೋಡಿ ಸೇರಿಸಿಕೊಳ್ಳಬೇಕು, ಬಲಿ ಕೊಟ್ಟವರು ಬಹುಕಾಲ ಕಾಯಬೇಕು, ಆದರೆ ಸಾಯುವಾಗ ಯಾರಿಗೂ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ, ತಪ್ಪಿಸಬಾರದು ಎಂದು ನಿರ್ಣಯಿಸಿದರು. ಇನ್ನೊಂದು ಹಿಂಸೆಯ ಸುದ್ದಿ ಬಂದಾಗ, ಪಶ್ಚಾತ್ತಾಪಪಡುತ್ತಿದ್ದವರನ್ನೆಲ್ಲ ಒಳಗೆ ಕರೆದುಕೊಂಡರು. ಈ ಸಲ ಗಟ್ಟಿಯಾಗಿ ನಿಲ್ಲಬೇಕಾದರೆ ಹೊಟ್ಟೆಗೆ ಆ ರೊಟ್ಟಿ ಬೇಕಲ್ಲ. ಸಿಪ್ರಿಯನ್ 258ರ ಸೆಪ್ಟೆಂಬರ್ 14ರಂದು ಕತ್ತಿಗೆ ತಲೆ ಕೊಟ್ಟ. ಎಂಟು ವರ್ಷಗಳ ಹಿಂದೆ ಅಡಗಿದ್ದವನು ಆ ದಿನ ಅಡಗಲಿಲ್ಲ.

"ಹೋಗಲಿ ಬಿಡು, ದೇವರು ಕರುಣಾಮಯಿ" ಎಂದು ಗೆಳೆಯನೊಬ್ಬ ನನಗೆ ಹೇಳಿದ್ದ. ಆ ಮಾತಿನಿಂದ ಸಮಾಧಾನವಾಗಿರಲಿಲ್ಲ. ನಾನು ಮಾಡಿದ್ದು ದೊಡ್ಡದೆಂದು ಒಪ್ಪಿ, ಆಮೇಲೂ ಬಾಗಿಲು ತೆರೆದ ಈ ಹಳಬರ ಲೆಕ್ಕಾಚಾರ ನನ್ನನ್ನು ಹೆಚ್ಚು ಸಂತೈಸಿತು.

ಆಲಮಟ್ಟಿ ದಾಟಿ ಗಾಡಿ ಕೃಷ್ಣೆಯ ಸೇತುವೆ ಹತ್ತಿತು. ಮುದುಕರೊಬ್ಬರು ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದರು. ಬಾಗಲಕೋಟೆಯಲ್ಲಿ ಇಳಿದೆ. ಗುಳೇದಗುಡ್ಡ ರೋಡ್ ಸ್ಟೇಷನ್ ಮುಂದೆ ಇದ್ದರೂ ಊರು ಅಲ್ಲಿಂದ ದೂರ, ಇಲ್ಲಿಂದ ಬಸ್ಸು ಹಿಡಿಯುವುದೇ ಲೇಸು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನುಂಗಿದ ಹಳೆ ಪೇಟೆಯ ನೆನಪು ಈ ಊರಿನವರ ಮಾತಿನಲ್ಲಿ ಇನ್ನೂ ಹಸಿಯಾಗಿದೆ, ಬಸ್ಸಿನಲ್ಲೂ ಅದೇ ಮಾತು: ಅವರ ಮನೆ ಎಲ್ಲಿತ್ತು, ಇವರ ಅಂಗಡಿ ಎಲ್ಲಿತ್ತು.

ಗುಳೇದಗುಡ್ಡದಲ್ಲಿ ಕಣ್ಣಿಗೆ ಮೊದಲು ಬೀಳುವುದು ಕೆಂಪು ಕಲ್ಲಿನ ಗುಡ್ಡ. ಓಣಿ ಹೊಕ್ಕ ಮೇಲೆ ಮಗ್ಗದ ಸದ್ದು. ಮೊದಲಿನಷ್ಟಿಲ್ಲ. ನಾನು ಹುಡುಗನಾಗಿದ್ದಾಗ ಮನೆಮನೆಯಲ್ಲೂ ಕುಣಿಮಗ್ಗ, ತೇರು, ಆನೆಹೆಜ್ಜೆಯ ಚಿತ್ತಾರದ ಖಣ, ಬಣ್ಣದ ನೂಲಿನ ಲಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಈ ಊರಿಗೆ ಬಂದು ನೆಲೆ ನಿಂತದ್ದು 1851ರಲ್ಲಿ. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಕೊನೆಗೆ ಈ ಗುಡ್ಡದ ಬುಡ. ನಮ್ಮ ಮನೆತನದವರು ಎಂದು ದೀಕ್ಷಾಸ್ನಾನ ಪಡೆದರೋ, ದೊಡ್ಡವ್ವನ ಬಾಯಲ್ಲಿ ಅದು "ನಮ್ಮ ಮುತ್ತಜ್ಜನ ಕಾಲಕ್ಕ" ಅಷ್ಟೇ. ಬಾವಿಯ ನೀರು ತಪ್ಪಿತು, ಬೀಗರು ಬರುವುದು ತಪ್ಪಿತು, ಆದರೂ ಹೆಸರು ಬಿಡಲಿಲ್ಲ ಎಂದು ಅವಳು ಹೇಳುತ್ತಿದ್ದಳು. ನಾನು ಬಿಟ್ಟದ್ದು ಆ ಹೆಸರನ್ನು.

ಬಾಗಿಲು ತೆರೆದೇ ಇತ್ತು. ದೊಡ್ಡವ್ವ ಹಿತ್ತಲಲ್ಲಿ ಶೆಗಡಿಗೆ ಇದ್ದಿಲು ಹಾಕಿ ಬದನೆಕಾಯಿ ಸುಡುತ್ತಿದ್ದಳು. ಗ್ಯಾಸ್ ಇದ್ದರೂ ಸುಟ್ಟ ಬದನೆಕಾಯಿಗೆ ಅವಳಿಗೆ ಕೆಂಡವೇ ಬೇಕು.

"ಯಾಕೋ ತಮ್ಮಾ, ಒಬ್ಬನ ಬಂದೀ? ಆಕಿ ಎಲ್ಲಿ, ಕೂಸೆಲ್ಲಿ?"

ಉತ್ತರ ಕೊಡದೆ ಶೆಗಡಿಯ ಎದುರು ಕುಕ್ಕರಗಾಲಲ್ಲಿ ಕುಳಿತೆ. ಯೋಹಾನನ ಸುವಾರ್ತೆಯಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ "ನಾನಲ್ಲ" ಎಂದದ್ದು ಇದ್ದಿಲ ಬೆಂಕಿಯ ಬಳಿ. ಸತ್ತು ಎದ್ದುಬಂದ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಮೀನು ಸುಟ್ಟಿಟ್ಟು, ಬಂದು ಊಟಮಾಡಿರಿ ಎಂದದ್ದೂ ಇದ್ದಿಲ ಬೆಂಕಿಯ ಬಳಿಯೇ. ಗ್ರೀಕಿನಲ್ಲಿ ಎರಡೂ ಕಡೆ ಅಂತ್ರಾಕಿಯಾ ಎಂಬ ಒಂದೇ ಪದ, ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಅದು ಬರುವುದಿಲ್ಲ. ಅದೇ ಹೊಗೆಯ ವಾಸನೆಗೆ ಅವನನ್ನು ಮತ್ತೆ ಕರೆದ. ದಡದಲ್ಲಿರುವುದು ಕರ್ತನೆಂದು ತಿಳಿದ ಕ್ಷಣ ಪೇತ್ರ ದೋಣಿಗೂ ಕಾಯದೆ ನೀರಿಗೆ ಧುಮುಕಿದ. ನಾನು ಆರು ವರ್ಷ ದೋಣಿಯಲ್ಲೇ ಕುಳಿತಿದ್ದೆ.

"ದೊಡ್ಡವ್ವಾ, ಅವತ್ತು ಆ ಕಟ್ಟಿ ಮ್ಯಾಲ ಕುಂತಾಕಿ ಮುಂದ ನಾ ನಿನ್ನ ಯಾರೋ ಅಂದೆ."

ಅವಳು ಬದನೆಕಾಯಿ ಹೊರಳಿಸಿದಳು. "ಅಂದಿ."

"ದೇವರ ಮುಂದ ಭಾಳ ಸಲ ಬೇಡಿಕೊಂಡೆ. ನಿನ್ನ ಮುಂದ ಬರಾಕ ಆಗಲಿಲ್ಲ. ಸಿಟ್ಟು ಬಂದಿತ್ತೇನ ನಿನಗ?"

"ಬಂದಿತ್ತು. ಬಸ್ಸಿನ್ಯಾಗ ಕೊಲ್ಹಾರತನಾ ಅತ್ಕೋತ ಬಂದೆ. ಎರಡು ವರ್ಷ ನಿನ್ನ ಹೆಸರು ಹಿಡಿದು ಪ್ರಾರ್ಥನಾ ಮಾಡಾಕ ಬಾಯಿ ಒಲ್ಲೆ ಅಂತಿತ್ತು. ಬಾಯಿ ಒಲ್ಲೆ ಅಂದ್ರೂ ಮಾಡಿದೆ. ಮಾಡಿ ಮಾಡಿ ಸಿಟ್ಟು ಸವೀತು."

"ನನ್ನ ಸಲುವಾಗಿ ನೀನೂ ಸುಳ್ಳು ಹೇಳಿದಿ."

"ಹೂಂ. ಈಂವ ನನ್ನ ಮಗ, ನಾವು ಕ್ರೈಸ್ತರು ಅಂತ ನಾನರ ಅನ್ನಬೇಕಾಗಿತ್ತು. ನಿನ್ನ ಮನಿ ಹೋಗ್ತೈತಿ ಅಂತ ಅಂಜಿದೆ. ಅದನ್ನ ನಾನೂ ಬೇಡ್ಕೊಂಡೀನಿ. ಅದು ನನ್ನ ಲೆಕ್ಕ, ನೀ ಹೊರಬ್ಯಾಡ."

ನನ್ನ ಒಂದು ಸುಳ್ಳು ಅವಳನ್ನೂ ಬೀಳಿಸಿತ್ತೆಂದು ಆವರೆಗೆ ನನಗೆ ಹೊಳೆದಿರಲೇ ಇಲ್ಲ. ಅತ್ತುಬಿಟ್ಟೆ. ಅವಳು ಅಳುವುದನ್ನು ತಡೆಯಲಿಲ್ಲ. ಬದನೆಕಾಯಿಯ ಕರಿ ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಕಲಸಿ, ರೊಟ್ಟಿಯ ಮೇಲಿಟ್ಟು ಕೊಟ್ಟಳು.

"ನನ್ನ ಕ್ಷಮಿಸೀಯೇನ ದೊಡ್ಡವ್ವಾ?"

"ಯಾವಾಗೋ ಕ್ಷಮಿಸೀನಿ. ನೀ ತೊಗೊಂಡು ಹೋಗಾಕ ಬಂದಿದ್ದಿಲ್ಲ. ಉಣ್ಣು ಮೊದಲು."

ಈಸ್ಟರ್ ಬೆಳಿಗ್ಗೆ ನಸುಕಿನಲ್ಲೇ ಆರಾಧನೆ. ಅವಳ ಕೈ ಹಿಡಿದುಕೊಂಡು ಕತ್ತಲಲ್ಲಿ ನಡೆದೆ. ಮಾರ್ಕನ ಹದಿನಾರನೆಯ ಅಧ್ಯಾಯ ಓದಿದರು. ಯೇಸುವಿನ ಬರಿದಾದ ಸಮಾಧಿಯಲ್ಲಿದ್ದ ಯುವಕ ಅಲ್ಲಿಗೆ ಬಂದ ಹೆಂಗಸರಿಗೆ, ಹೋಗಿ ಆತನ ಶಿಷ್ಯರಿಗೂ ಪೇತ್ರನಿಗೂ ತಿಳಿಸಿರಿ ಎನ್ನುತ್ತಾನೆ. ಪೇತ್ರ ಶಿಷ್ಯರಲ್ಲಿ ಒಬ್ಬನೇ ಅಲ್ಲವೇ, ಹೆಸರನ್ನು ಬೇರೆ ಯಾಕೆ ಹೇಳಬೇಕು? ಆ ಮೂರು ದಿನ ತಾನು ಇನ್ನು ಶಿಷ್ಯನಲ್ಲ ಎಂದು ಅವನು ಅಂದುಕೊಂಡಿರಬೇಕು. "ಶಿಷ್ಯರಿಗೆ" ಎಂದಷ್ಟೇ ಹೇಳಿದ್ದರೆ ಆ ಕರೆ ತನಗಲ್ಲವೆಂದು ಮೂಲೆಯಲ್ಲೇ ಕುಳಿತಿರುತ್ತಿದ್ದ. ಈ ವಚನವನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಬೆಳಿಗ್ಗೆ ಅದು ನನ್ನ ಹೆಸರು ಹಿಡಿದು ಕರೆದಂತೆ ಕೇಳಿಸಿತು. ಕರ್ತನ ಭೋಜನಕ್ಕೆ ಆರು ವರ್ಷಗಳಲ್ಲಿ ಮೊದಲ ಸಲ ತಲೆ ಎತ್ತಿ ಹೋದೆ.

ಆರಾಧನೆ ಮುಗಿಸಿ ಬರುವಾಗ ದೊಡ್ಡವ್ವ ಪಕ್ಕದ ಓಣಿಯ ಒಂದು ಹುಡುಗನನ್ನು ಕರೆದು ನಿಲ್ಲಿಸಿದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಾನೆ, ಜಾಣ. ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದಾನೆ, ಮಗ್ಗ ನಿಂತು ನಾಲ್ಕು ವರ್ಷವಾಯಿತು. ಪಿಯುಸಿ ವಿಜಯಪುರದಲ್ಲಿ ಓದಬೇಕೆಂಬ ಆಸೆ.

"ಎರಡು ವರ್ಷ ನಿನ್ನ ಮನ್ಯಾಗ ಇರಲಿ. ಐತಾರ ದೇವಾಲಯಕ್ಕ ಕರ್ಕೊಂಡು ಹೋಗು. ಹೇಳಿ ಕರ್ಕೊಂಡು ಹೋಗು, ಮತ್ತ ಸಂತಿಗೆ ಅನ್ನಬ್ಯಾಡ."

ಸಂತೆಯ ಮಾತು ಅವಳಿಗೆ ಯಾರು ಹೇಳಿದರೋ ನಾನು ಕೇಳಲಿಲ್ಲ, ನನ್ನ ಹೆಂಡತಿಯೇ ಇರಬೇಕು. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ ಕರ್ತನು ಮೂರು ಸಲವೂ ಪೇತ್ರನಿಗೆ ಕುರಿಗಳನ್ನು ಒಪ್ಪಿಸಿದನಲ್ಲ. ಒಮ್ಮೆ ಕೈಬಿಟ್ಟವನ ಕೈಗೆ ಕುರಿ ಕೊಡುವುದೆಂದರೆ ಸಣ್ಣ ನಂಬಿಕೆಯಲ್ಲ. ಆ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಹೂಂ ಅಂದೆ.

ಸೋಮವಾರ ಸಂಜೆ ವಿಜಯಪುರ ತಲುಪಿದಾಗ ಮಾಲೀಕರ ತಾಯಿ ಅದೇ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಚೀಲ ಕೆಳಗಿಟ್ಟೆ. ನಾಲಿಗೆ ಒಣಗಿತ್ತು.

"ಅಮ್ಮಾರ, ಆರು ವರ್ಷದ ಹಿಂದ ಬಿಳಿ ಸೀರಿ ಉಟ್ಟಾಕಿ ಒಬ್ಬಾಕಿ ಬಂದಿದ್ದಳಲ್ಲ, ಆಕಿ ನಮ್ಮ ದೊಡ್ಡವ್ವ. ನನ್ನ ಸಾಕಿದಾಕಿ. ನಾವು ಕ್ರೈಸ್ತರು ರೀ. ಅವತ್ತು ನಿಮಗ ಸುಳ್ಳು ಹೇಳಿದೆ."

ಅವರ ಕೈ ನಿಂತಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ, ಜೂನಿನಲ್ಲಿ ಒಬ್ಬ ಹುಡುಗ ಬರುತ್ತಾನೆ ಎಂಬುದನ್ನೂ ಹೇಳಿದೆ. "ಮಗ ಬರಲಿ, ಕೇಳ್ತೀನಿ" ಎಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಮನೆಯೊಳಗೆ ಹೆಂಡತಿ ಟ್ರಂಕು ತೆರೆದು ಮೊಳೆ ಹುಡುಕುತ್ತಿದ್ದಳು. ನಾನು ಗುಳೇದಗುಡ್ಡಕ್ಕೆ ಫೋನು ಹಚ್ಚಿದೆ.

"ಹೇಳಿದೆ ದೊಡ್ಡವ್ವಾ."

"ಏನಂದ್ರು?"

"ಮಗನ್ನ ಕೇಳ್ತೀನಿ ಅಂದ್ರು."

"ಕೇಳಲಿ. ಉಂಡಿ?"