ಮೊದಲು ಖಾಲಿ ಎಣಿಕೆ

ಅಂತಿಮ ಬಿ.ಎಸ್ಸಿ.ಯಲ್ಲಿ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರಿನಿಂದ ವಿಕಿರಣ ಎಣಿಸುವ ಪ್ರಯೋಗ ನಮ್ಮ ಬ್ಯಾಚಿನ ಯಾರಿಗೂ ಬೇಡವಾಗಿತ್ತು. ಸ್ಪೆಕ್ಟ್ರೋಮೀಟರ್ ಸಿಕ್ಕರೆ ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪದ ಮುಂದೆ ಹರಟೆ ಹೊಡೆಯಬಹುದಿತ್ತು. ಜಿ.ಎಂ. ಎಂದರೆ ಎಣಿಸುವುದು, ಬರೆಯುವುದು, ಮತ್ತೆ ಎಣಿಸುವುದು. ಅದೂ ಶಿವಮೊಗ್ಗದ ಮಳೆಗಾಲದಲ್ಲಿ. ಶರಾವತಿಯಿಂದ ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ಎಣಿಕೆ ಅರ್ಧಕ್ಕೆ ಬಂದಾಗಲೇ ಕರೆಂಟು ಹೋಗುತ್ತಿತ್ತು.

ನಮ್ಮ ಮೇಷ್ಟ್ರದು ಒಂದೇ ಹಟ. ವಿಕಿರಣದ ಮೂಲವನ್ನು ಸೀಸದ ಡಬ್ಬಿಯಿಂದ ತೆಗೆಯುವ ಮುಂಚೆ ಕೌಂಟರನ್ನು ಸುಮ್ಮನೆ ಓಡಿಸಬೇಕು. ಆಗಲೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ: ಆಕಾಶದಿಂದ ಇಳಿಯುವ ಮ್ಯೂಯಾನ್ ಎಂಬ ಕಣಗಳು, ಗೋಡೆ-ನೆಲದೊಳಗಿನ ಪೊಟ್ಯಾಸಿಯಂ, ಥೋರಿಯಂ. ಆ ಖಾಲಿ ಎಣಿಕೆ ಕಳೆಯದೆ ರೆಕಾರ್ಡ್ ಒಯ್ದವರಿಗೆ ಕೆಂಪು ಶಾಯಿಯಲ್ಲಿ ‘ಹಿನ್ನೆಲೆ ಎಲ್ಲಿ?’ ಎಂದು ಬರೆದು, ಸಹಿ ಹಾಕದೆ ವಾಪಸ್ ಕೊಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮುಂದೆ ಜಪಾನಿನ ತ್ಸುಕುಬಾದಲ್ಲಿ ಬೆಲ್ 2 ಎಂಬ ಕಣಭೌತ ಪ್ರಯೋಗಕ್ಕೆ ಸೇರಿದೆ. ಅಲ್ಲಿ 7 ಜಿಇವಿ (ಕಣಗಳ ಶಕ್ತಿ, ದ್ರವ್ಯರಾಶಿಗಳ ಅಳತೆ) ಎಲೆಕ್ಟ್ರಾನು, 4 ಜಿಇವಿಯ ಅದರ ಪ್ರತಿಕಣ ಪಾಸಿಟ್ರಾನು ಎದುರುಬದುರು ಬಂದು ಡಿಕ್ಕಿ ಹೊಡೆಯುತ್ತವೆ. ಹೊಸ ಕಣ ಹುಟ್ಟಲು ದಕ್ಕುವ ಶಕ್ತಿ 10.58 ಜಿಇವಿ, ಬಾಟಮ್ ಎಂಬ ಭಾರದ ಕ್ವಾರ್ಕ್ (ಮೂಲಕಣಗಳಲ್ಲೊಂದು) ಹೊತ್ತ ಬಿ ಮೇಸಾನ್ ಎಂಬ ಕಣಗಳ ಒಂದು ಜೋಡಿಗೆ ಅಷ್ಟು ಸಾಕು. ಎಲೆಕ್ಟ್ರಾನಿನ ಕೈ ಮೇಲಾದ್ದರಿಂದ ಜೋಡಿ ಅದರ ದಿಕ್ಕಿನಲ್ಲೇ ಮುಂದಕ್ಕೆ ಚಿಮ್ಮುತ್ತದೆ. ಆಯಸ್ಸು ಸುಮಾರು 1.5 ಪಿಕೋಸೆಕೆಂಡ್, ಅಷ್ಟರಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಓಡಿ ಒಡೆಯುತ್ತವೆ. ಆ ಓಟ ಅಳೆಯಲೆಂದೇ ಸಿಲಿಕಾನ್ ಪದರಗಳಿವೆ; ನಾಲ್ಕನೆಯ ಪದರ ಮುಂಬಯಿಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ತಂಡದವರ ಕೆಲಸ. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ಸಿಕ್ಕ ಟಾಪ್ ಕ್ವಾರ್ಕಿಗೆ ಈ ಭಾಗ್ಯವಿಲ್ಲ. ಬಾಟಮ್ಮಿಗಿಂತ ಎಷ್ಟೋ ಪಟ್ಟು ಭಾರ, ಆದರೆ ಬೇರೆ ಕ್ವಾರ್ಕಿನ ಜೊತೆ ಸೇರಿ ಮೇಸಾನ್ ಆಗುವಷ್ಟು ಹೊತ್ತೂ ಬದುಕುವುದಿಲ್ಲ.

ತೊಂದರೆ ಏನೆಂದರೆ, ಒಂದು ಬಿ ಜೋಡಿ ಹುಟ್ಟುವಷ್ಟರಲ್ಲಿ ಅದಕ್ಕಿಂತ ಹಗುರವಾದ ಕ್ವಾರ್ಕುಗಳ ಮೂರಕ್ಕೂ ಹೆಚ್ಚು ಜೋಡಿಗಳು ಹುಟ್ಟಿರುತ್ತವೆ. ಅದಕ್ಕೇ ಆಗಾಗ ಯಂತ್ರದ ಶಕ್ತಿಯನ್ನು ಬರೀ 60 ಎಂಇವಿ, ಅಂದರೆ 0.06 ಜಿಇವಿ, ಇಳಿಸುತ್ತಾರೆ. ಎರಡು ಬಿ ಹುಟ್ಟಲು ಕನಿಷ್ಠ 10.56 ಜಿಇವಿ ಬೇಕು. 10.52ಕ್ಕೆ ಇಳಿದ ಮೇಲೆ ಅದಕ್ಕೆ ಗತಿಯಿಲ್ಲ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಅದನ್ನು ದಾಖಲಿಸಿ, ಪ್ರಮಾಣಕ್ಕೆ ತಕ್ಕಂತೆ ಕಳೆಯುವುದು. ಮೂರು ಕಿಲೋಮೀಟರ್ ಸುತ್ತಳತೆಯ ಯಂತ್ರವನ್ನು, ಬೇಕಾದ್ದು ಸಿಗುವುದಿಲ್ಲ ಎಂದು ಗೊತ್ತಿದ್ದೇ ಓಡಿಸುವುದು! ಜೊತೆಗೆ ಸೇರಿದ ಒಬ್ಬ ಹುಡುಗ ಇದು ದಂಡ ಖರ್ಚಲ್ಲವೇ ಎಂದು ಕೇಳಿದ್ದ. ಡಬ್ಬಿ ಮುಚ್ಚಿಟ್ಟು ಕೌಂಟರ್ ಓಡಿಸಿದ್ದ ನನಗೆ ಆ ಅನುಮಾನ ಬರಲಿಲ್ಲ.

ಬಿ ಮತ್ತು ಅದರ ಪ್ರತಿಕಣದ ನಡತೆ ಒಂದೇ ಅಲ್ಲ ಎಂದು 2001ರಲ್ಲಿ ಹಳೆಯ ಬೆಲ್ ಮತ್ತು ಕ್ಯಾಲಿಫೋರ್ನಿಯಾದ ಬಾಬಾರ್ ಪ್ರಯೋಗಗಳು ತೋರಿಸಿದವು. ಸಿದ್ಧಾಂತದಲ್ಲಿ ಅದಕ್ಕೆ ದಾರಿ ಹಾಕಿದ್ದ ಜಪಾನಿನ ಕೊಬಯಾಶಿ, ಮಸ್ಕಾವಾ ಅವರಿಗೆ 2008ರಲ್ಲಿ ನೊಬೆಲ್ ಬಂತು. ಪತ್ರಿಕೆಯಲ್ಲಿ ಬಂದದ್ದು ಅಷ್ಟು. ಕಳೆಯುವ ಲೆಕ್ಕದಲ್ಲಿ ಕೂತವರ ಹೆಸರು ಲೇಖಕರ ಉದ್ದ ಪಟ್ಟಿಯಲ್ಲೆಲ್ಲೋ ಇರುತ್ತದೆ.

ಈಗ ಓದುತ್ತಿರುವವರು ಇದನ್ನು ನೋಡಲು ಜಪಾನಿಗೆ ಹೋಗಬೇಕಿಲ್ಲ. ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗದವರು ಮ್ಯೂಯಾನ್ ಜೋಡಿಗಳ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಜೋಡಿಯ ದ್ರವ್ಯರಾಶಿ ಲೆಕ್ಕಹಾಕಿ ಗ್ರಾಫ್ ಎಳೆಯಿರಿ: 3.1 ಜಿಇವಿಯಲ್ಲಿ ಚಾರ್ಮ್ ಕ್ವಾರ್ಕಿನ ಜೆ/ಸೈ, 9.5ರ ಹತ್ತಿರ ಬಾಟಮ್ಮಿನ ಅಪ್ಸಿಲಾನ್ ಎಂಬ ಕಣಗಳ ಶಿಖರಗಳು ಎದ್ದು ಕಾಣುತ್ತವೆ. ಒಂದು 1974ರ, ಇನ್ನೊಂದು 1977ರ ಶೋಧ. ಲ್ಯಾಬಿನ ಒಂದು ಕಂಪ್ಯೂಟರ್, ಕರೆಂಟಿರುವ ಒಂದು ಮಧ್ಯಾಹ್ನ ಸಾಕು. ಎಲ್ಲಿಯಾದರೂ ಸಿಕ್ಕಿಕೊಂಡರೆ ನನಗೆ ಬರೆಯಿರಿ, ವಿಳಾಸವನ್ನು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಕೊಟ್ಟಿದ್ದೇನೆ.