ಟೊಮೆಟೊ ಬಿಟ್ಟು ಹೊಟ್ಟೆಗೆ ಯಾಕೆ ಕೈ ಹಾಕಿದಿರಿ?

ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ, ಪ್ರಾಜೆಕ್ಟ್ ವೈವಾದಲ್ಲೂ ಇದೇ ಪ್ರಶ್ನೆ. 'ಸಾರ್, ನೀವು ಟೊಮೆಟೊ ಕೀಳೋ ರೋಬೋಟ್ ಮಾಡ್ತಿದ್ರಲ್ಲ, ಈಗ ಆಪರೇಷನ್ ರೋಬೋಟ್ ಅಂತೀರಿ. ಎಲ್ಲಿಂದ ಎಲ್ಲಿಗೆ?'

ನಾನು ಮೆಕ್ಯಾನಿಕಲ್ ಮೇಷ್ಟ್ರು. ನನ್ನ ಮಟ್ಟಿಗೆ ಕೆಲಸ ಬದಲಾಗಿಯೇ ಇಲ್ಲ.

ಕಾರ್ಖಾನೆಯ ರೋಬೋಟ್‌ನದು ಸುಖದ ಬಾಳು. ಅದೇ ಬೋಲ್ಟು, ಅದೇ ಜಾಗ, ಅದೇ ಬೆಳಕು. ಟೊಮೆಟೊ ಹಾಗಲ್ಲ. ಒಂದು ಎಲೆ ಹಿಂದೆ ಅಡಗಿರುತ್ತದೆ, ಇನ್ನೊಂದು ಗಾಳಿಗೆ ತೂಗಾಡುತ್ತದೆ. ಕೋಲಾರದ ಕಡೆ ಒಂದು ತೋಟಕ್ಕೆ ಮೊದಲ ಸಲ ನಮ್ಮ ಯಂತ್ರ ಒಯ್ದಾಗ ಅದು ಹಣ್ಣು ಹಿಡಿದು ಎಳೆಯಿತು. ಹಣ್ಣಿನ ಜೊತೆ ಅರ್ಧ ಗಿಡವೂ ಬಂತು.

ಅಲ್ಲಿ ಕೂಲಿಗೆ ಬಂದಿದ್ದ ಅಮ್ಮ ಒಬ್ಬರು ನಕ್ಕು ತೋರಿಸಿಕೊಟ್ಟರು. ಹಣ್ಣಿನಿಂದ ಸ್ವಲ್ಪ ಮೇಲೆ ತೊಟ್ಟಿನಲ್ಲಿ ಒಂದು ಗಿಣ್ಣು ಇರುತ್ತದೆ. ಅಲ್ಲಿಗೆ ಹೆಬ್ಬೆರಳು ಕೊಟ್ಟು ಹಣ್ಣನ್ನು ಮಡಿಸಿದರೆ 'ಟಕ್' ಅಂತ ಕೈಗೆ ಬರುತ್ತದೆ. 'ಎಳೀಬೇಡಿ ಸಾರ್, ಮಡಿಸಿ' ಎಂದರು. ಆ ಒಂದು ಮಾತನ್ನು ಯಂತ್ರದ ಮಣಿಕಟ್ಟಿಗೆ ಕಲಿಸಲು ನಮಗೆ ಒಂದು ವರ್ಷ ಹಿಡಿಯಿತು.

ಆಮೇಲೆ ಹಿಡಿತದ ಕಾಟ. ಸಡಿಲ ಹಿಡಿದರೆ ಹಣ್ಣು ಜಾರುತ್ತದೆ. ಬಿಗಿ ಹಿಡಿದರೆ ಆಗ ಏನೂ ಕಾಣುವುದಿಲ್ಲ, ಎರಡು ದಿನ ಬಿಟ್ಟು ನೋಡಿದರೆ ಬೆರಳಿಟ್ಟ ಜಾಗ ಮೆತ್ತಗಾಗಿರುತ್ತದೆ. ಅಂಥ ಹಣ್ಣುಗಳನ್ನು ಲ್ಯಾಬ್‌ನಲ್ಲಿ ಸಾಲಾಗಿ ಇಟ್ಟಿದ್ದೆ. ಪರಿಚಯದ ಸರ್ಜನ್ ಒಬ್ಬರು ಬಂದವರು ಒಂದನ್ನು ಎತ್ತಿ ಒತ್ತಿ ನೋಡಿದರು. 'ಕರುಳೂ ಹೀಗೇ ಕಣ್ರೀ. ಇವತ್ತು ಜಾಸ್ತಿ ಒತ್ತಿದ್ದು ನಾಡಿದ್ದು ಗೊತ್ತಾಗೋದು.' ನಾನು ಆಸ್ಪತ್ರೆ ಕಡೆ ತಿರುಗಿದ್ದು ಅವತ್ತು.

ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಉದ್ದನೆಯ ಕಡ್ಡಿಯಂಥ ಉಪಕರಣ ತೂರಿಸುತ್ತಾರಲ್ಲ, ಅದು ಏತದ ಮರದ ಹಾಗೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ರೋಬೋಟ್ ಈ ತಿರುವುಮುರುವನ್ನು ಸರಿಮಾಡಿ ಕೊಡುತ್ತದೆ. ಆದರೆ ಒತ್ತಡ ಎಷ್ಟು ಬೀಳುತ್ತಿದೆ ಎಂದು ಕೈಗೆ ತಿಳಿಸುವುದು ಬೇರೆಯೇ ಕಷ್ಟ. ಡಾ ವಿಂಚಿ ಅನ್ನೋ ಆಪರೇಷನ್ ರೋಬೋಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಒತ್ತಡವನ್ನು ಸರ್ಜನ್ ಕೈಗೆ ತಿಳಿಸುವ ಉಪಕರಣ ಅದಕ್ಕೆ ಬಂದದ್ದು 2024ರ 'ಡಾ ವಿಂಚಿ 5'ರಲ್ಲಿ. ಅಲ್ಲಿಯವರೆಗೆ ಅದರಲ್ಲಿ ಎಲ್ಲ ಕಣ್ಣಂದಾಜು. ಒಳಗಿನ ಅಂಗಾಂಶ ಎಷ್ಟು ಜಗ್ಗಿದೆ, ದಾರ ಎಷ್ಟು ಬಿಗಿದಿದೆ ಅಂತ ನೋಡಿಯೇ ತಿಳಿಯಬೇಕಿತ್ತು.

ಟೊಮೆಟೊ ರೋಬೋಟ್, ಆಪರೇಷನ್ ರೋಬೋಟ್ ಯಾವತ್ತೂ ದೂರದ ನೆಂಟರೇನಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಟೊಮೆಟೊ ಕೀಳುವ ರೋಬೋಟ್ ಬಗ್ಗೆ ಬರೆದದ್ದು 1984ರಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆಗೆಂದು ಮಾಡಿದ ಪ್ಯೂಮಾ ಎಂಬ ರೋಬೋಟ್ ತೋಳನ್ನು ಮಿದುಳಿನ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಚೂರು ತೆಗೆಯಲು, ಸೂಜಿ ಗುರಿ ಹಿಡಿಯಲು ಬಳಸಿದರು.

'ಹಾಗಾದ್ರೆ ಯಾವುದು ಕಷ್ಟ?' ಅಂತ ಮುಂದಿನ ಪ್ರಶ್ನೆ. ತೋಟವೇ ಕಷ್ಟ ಅನ್ನುತ್ತೇನೆ, ಯಾರೂ ನಂಬುವುದಿಲ್ಲ. ಆಸ್ಪತ್ರೆಯಲ್ಲಿ ತಪ್ಪಾಗುವ ಹಾಗಿಲ್ಲ, ನಿಜ. ಎಥಿಕ್ಸ್ ಕಮಿಟಿ ಮುಂದೆ ನಿಂತು ಬೆವರಿದ್ದೇನೆ. ಆದರೆ ಅಲ್ಲಿ ಪಕ್ಕದಲ್ಲಿ ಸರ್ಜನ್ ಇರುತ್ತಾರೆ, ದೀಪ ಇರುತ್ತದೆ, ಕೋಟಿಗಟ್ಟಲೆ ದುಡ್ಡೂ ಇರುತ್ತದೆ. ತೋಟದಲ್ಲಿ ಧೂಳು, ಬಿಸಿಲು, ಜೊತೆಗೆ ಬೆಲೆ. ರೇಟು ಬಿದ್ದರೆ ರೈತ ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ, ಕೂಲಿಯೂ ಗಿಟ್ಟುವುದಿಲ್ಲ. ಆಗ ನನ್ನ ಯಂತ್ರ ಯಾರಿಗೆ ಬೇಕು? ಸೀಸನ್ ತಪ್ಪಿತೋ, ನಮ್ಮ ಟೆಸ್ಟಿಂಗ್ ಮುಂದಿನ ಬೆಳೆಗೆ.

ಹಾಗಂತ ಟೊಮೆಟೊ ಪೂರ್ತಿ ಬಿಟ್ಟಿಲ್ಲ. ಹೋದ ಸಲ ಅದೇ ತೋಟಕ್ಕೆ ಹೊಸ ಗ್ರಿಪ್ಪರ್, ಅಂದರೆ ಹಣ್ಣು ಹಿಡಿಯುವ ಯಂತ್ರದ ಕೈ, ಒಯ್ದಿದ್ದೆ, ಆಸ್ಪತ್ರೆ ಕೆಲಸಕ್ಕೆಂದು ಮಾಡಿದ ಸೆನ್ಸರ್ ಅದರ ಬೆರಳಲ್ಲಿತ್ತು. 11 ಹಣ್ಣು ಕಿತ್ತಿತು, ಒಂದಕ್ಕೂ ಪೆಟ್ಟಿಲ್ಲ. ಖುಷಿಯಲ್ಲಿ ಹಿಂದೆ ತಿರುಗಿ ನೋಡಿದರೆ ಅದೇ ಅಮ್ಮ 15 ಕೆಜಿಯ ಬಾಕ್ಸ್ ತುಂಬಿಸಿ ಆಗಲೇ ಇನ್ನೊಂದಕ್ಕೆ ಕೈ ಹಾಕಿದ್ದರು.

'ಮಡಿಸೋದು ಕಲ್ತೈತೆ' ಎಂದರು.