ಎನ್‌ಐಸಿಯು ಚೀಟಿಯಲ್ಲಿ ಸಿಲ್ಡೆನಾಫಿಲ್

ಮಂಗಳೂರಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ನನ್ನ ಕೆಲಸ. ಆವತ್ತು ನೈಟ್ ಡ್ಯೂಟಿ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಚೀಟಿ ಹಿಡಿದು ಬಂದವರು ಬೆಳ್ತಂಗಡಿ ಕಡೆಯವರು. ಮಗು ಹುಟ್ಟಿ ಎರಡು ದಿನ ಆಗಿತ್ತು. ಬಿಲ್ ಮಾಡಿ ಸಿಲ್ಡೆನಾಫಿಲ್ ಸ್ಟ್ರಿಪ್ ಕೊಟ್ಟೆ. ಅವರು ಅಲ್ಲೇ ನಿಂತು ಮೊಬೈಲಿನಲ್ಲಿ ಹೆಸರು ಹುಡುಕಿದರು.

"ಎಂತ ಮೇಡಂ ಇದು? ವಯಾಗ್ರ ಅಲ್ವಾ? ಇಷ್ಟು ಸಣ್ಣ ಮಗುವಿಗೆ ಇದನ್ನು ಕೊಡ್ತಾರಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ನಕ್ಕೇಬಿಟ್ಟ. ಇವರ ಸಿಟ್ಟು ಇನ್ನೂ ಜಾಸ್ತಿಯಾಯಿತು. ಸ್ಟ್ರಿಪ್ ಕೌಂಟರ್ ಮೇಲೆ ಕುಕ್ಕಿ, "ದುಡ್ಡು ವಾಪಸ್ ಕೊಡಿ, ಮಗುವನ್ನು ಬೇರೆ ಕಡೆ ಕರಕೊಂಡು ಹೋಗ್ತೇನೆ" ಎಂದರು. ಎನ್‌ಐಸಿಯುಗೆ ಫೋನ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಮೇಲೆ ಮಗು ಉಸಿರಿಗೆ ಒದ್ದಾಡುತ್ತಿದೆ, ಔಷಧಿ ನನ್ನ ಮುಂದೆ ಬಿದ್ದಿದೆ. ಕೈ ನಡುಗುತ್ತಿತ್ತು.

ಬಿಲ್ಲಿಂಗನ್ನು ಜೊತೆಯವಳಿಗೆ ಬಿಟ್ಟು ಹೊರಗೆ ಬಂದೆ. "ಅಣ್ಣ, ಹೊಟ್ಟೆಯೊಳಗಿದ್ದಾಗ ಮಗುವಿನ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹೋಗುವುದಿಲ್ಲ. ಹುಟ್ಟಿದ ಮೇಲೆ ಅಲ್ಲಿನ ರಕ್ತನಾಳ ಸಡಿಲ ಆಗಬೇಕು. ನಿಮ್ಮ ಮಗುವಿಗೆ ಅದು ಆಗಿಲ್ಲ. ಈ ಔಷಧಿ ಆ ನಾಳವನ್ನು ಸಡಿಲ ಮಾಡುತ್ತದೆ" ಎಂದೆ. ಇದನ್ನು ಮೊದಲು ಪರೀಕ್ಷೆ ಮಾಡಿದ್ದೇ ಹೃದಯದ ಎದೆನೋವಿಗೆ. ಅಮೆರಿಕದಲ್ಲಿ 1998ರಲ್ಲಿ ಗಂಡಸರ ಸಮಸ್ಯೆಗೆ ಒಪ್ಪಿಗೆ ಸಿಕ್ಕಿತು, 2005ರಲ್ಲಿ ದೊಡ್ಡವರ ಶ್ವಾಸಕೋಶದ ರಕ್ತದೊತ್ತಡಕ್ಕೂ ಸಿಕ್ಕಿತು. ನವಜಾತ ಶಿಶುಗಳಿಗೆ ಮಾತ್ರ ಅಂಥ ಒಪ್ಪಿಗೆ ಇಲ್ಲದೆಯೇ ಡಾಕ್ಟರು ತಮ್ಮ ತಿಳುವಳಿಕೆಯ ಮೇಲೆ ಬರೆಯುತ್ತಾರೆ. ಆ ನಾಳ ಸಡಿಲ ಮಾಡಲು ಉಸಿರಿನ ಜೊತೆ ಕೊಡುವ ನೈಟ್ರಿಕ್ ಆಕ್ಸೈಡ್ ಗ್ಯಾಸ್ ದುಬಾರಿ, ಎಲ್ಲ ಕಡೆ ಇರುವುದಿಲ್ಲ.

"ಇದನ್ನು ಮೇಲೆಯೇ ಯಾರಾದರೂ ಹೇಳಬಹುದಿತ್ತಲ್ಲ ಮೇಡಂ?" ಎಂದು ಕೇಳಿ, ಸ್ಟ್ರಿಪ್ ತೆಗೆದುಕೊಂಡು ಮೆಟ್ಟಿಲು ಹತ್ತಿದರು.

ಅವರು ಕೇಳಿದ್ದು ಸರಿ. ಡಾಕ್ಟರು ಬರೆದದ್ದೂ ಸರಿ. ಆದರೆ ಯಾಕೆ ಅಂತ ಹೇಳದಿದ್ದರೆ ಸರಿಯಾದ ಔಷಧಿಯೂ ಮಗುವಿನ ಬಾಯಿಗೆ ಹೋಗುವುದಿಲ್ಲ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿಗೆ ಡಿಪ್ರೆಶನ್ನಿನ ಮಾತ್ರೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆಯುತ್ತಾರೆ. "ಅಮ್ಮನಿಗೆ ಡಿಪ್ರೆಶನ್ ಇಲ್ಲ" ಅಂತ ಮಗ ನಿಲ್ಲಿಸಿಬಿಡುತ್ತಾನೆ. ಲೆಟ್ರೊಜೋಲ್ ಸ್ತನ ಕ್ಯಾನ್ಸರಿನ ಮಾತ್ರೆ, ಮಕ್ಕಳಾಗದವರಿಗೂ ಕೊಡುತ್ತಾರೆ. ಆ ಬಳಕೆಯನ್ನು ಕೇಂದ್ರ ಸರ್ಕಾರ 2011ರಲ್ಲಿ ನಿಷೇಧಿಸಿ, 2017ರಲ್ಲಿ ನಿಷೇಧ ತೆಗೆಯಿತು. ಇದೆಲ್ಲ ಗೊತ್ತಿಲ್ಲದ ಹೆಂಗಸು ಕ್ಯಾನ್ಸರ್ ಅಂತ ಓದಿದರೆ ಅವಳ ಗತಿ ಏನು?

ಹಾಗಂತ ಲೇಬಲ್‌ನಲ್ಲಿ ಇಲ್ಲದ್ದಕ್ಕೆ, ಅಂದರೆ ಒಪ್ಪಿಗೆ ಸಿಗದ ಕಾಯಿಲೆಗೆ, ಬರೆದದ್ದೆಲ್ಲ ಸರಿ ಅಂತಲ್ಲ. ಕೋವಿಡ್ ಸಮಯದಲ್ಲಿ ಹುಳದ ಮಾತ್ರೆ ಐವರ್‌ಮೆಕ್ಟಿನ್ ಎಷ್ಟು ಮಾರಾಟವಾಯಿತು! ಆಮೇಲೆ ದೊಡ್ಡ ಅಧ್ಯಯನಗಳಲ್ಲಿ ಉಪಯೋಗ ಕಾಣಲಿಲ್ಲ. ಅದಕ್ಕೇ ಕಾರಣ ಕೇಳುವುದು ರೋಗಿಯ ಹಕ್ಕು. ಕೇಳಿದವರ ಮೇಲೆ ರೇಗುವ ಡಾಕ್ಟರುಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಚೀಟಿಯಲ್ಲಿ "ಯಾಕಾಗಿ" ಅಂತ ಒಂದು ಕಾಲಂ ಹಾಕಿ ಎಂದು ಮ್ಯಾನೇಜ್‌ಮೆಂಟಿಗೆ ಬರೆದು ಕೊಟ್ಟಿದ್ದೇನೆ. ಸಾಫ್ಟ್‌ವೇರ್ ಬದಲಾದಾಗ ನೋಡೋಣ ಎಂದರು. ಅಲ್ಲಿಯವರೆಗೆ ಇಂಥ ಚೀಟಿ ಬಂದರೆ ವಾರ್ಡಿಗೆ ಫೋನ್ ಮಾಡಿ ಕೇಳಿಕೊಂಡು, ಕವರಿನ ಮೇಲೆ ಪೆನ್ನಿನಲ್ಲಿ ಕಾರಣ ಬರೆದೇ ಕೊಡುತ್ತೇನೆ.